‘ನರ’ವೆಂಬ ಪದ ಮತ್ತು ಹೊಲಿದ ಬೆರಳಿನ ಚಲನೆ

ಕುಡುಗೋಲು ತಗುಲಿದ ಬೆರಳು ಮಡಿಸಲು ಬಾರದಿದ್ದರೆ ‘ನರ ಕಡಿದಿದೆ’ ಎನ್ನುವುದು ಜನಪದರ ವಾಡಿಕೆ. ರಕ್ತನಾಳ, ಸಂವೇದನೆಯ ತಂತು, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು, ಈ ಮೂರಕ್ಕೂ ಅದೊಂದೇ ಪದ. ಕೂಡುವ ತನಕ ಅಲುಗಿಸಬಾರದೆಂಬ ಹಿರಿಯರ ತಿಳಿವಳಿಕೆ ಮುರಿದ ಮೂಳೆಗೆ ಸಲ್ಲುತ್ತದೆ, ರಜ್ಜುವಿಗೆ ಸಲ್ಲದು. ಹೊಲಿದ ರಜ್ಜುವನ್ನು ನಿಶ್ಚಲವಾಗಿ ಕಟ್ಟಿಟ್ಟರೆ ಅದು ತಾನು ಜಾರಬೇಕಾದ ಕವಚಕ್ಕೇ ಅಂಟಿಕೊಂಡು ಬೆರಳು ಸೆಟೆದುಕೊಳ್ಳುತ್ತದೆ. ಅಂಗೈಯ ಮೇಲ್ಗೆರೆಯಿಂದ ಬೆರಳಿನ ನಡುಗೆಣ್ಣಿನ ಆಚೆಯವರೆಗೆ ಈ ಅಪಾಯ ಹೆಚ್ಚು. ಅಮೆರಿಕದ ಸ್ಟರ್ಲಿಂಗ್ ಬನ್ನೆಲ್ ಅಲ್ಲಿ ಕೂಡಲೇ ಹೊಲಿಯುವುದೇ ಬೇಡವೆಂದಿದ್ದರು. 1967ರಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು ಅಲ್ಲಿಯೇ ಹೊಲಿದು, ರಬ್ಬರ್ ಪಟ್ಟಿಯು ಮಡಿಸಿದ ಬೆರಳನ್ನು ರೋಗಿಯೇ ಚಾಚುವಂತೆ ಮಾಡಿ ಪಡೆದ ಸತ್ಫಲವನ್ನು ಮಂಡಿಸಿದರು. ಇಂದು ಕೈಹಿಂಬದಿಗೆ ಕಟ್ಟಿದ ಆಸರೆಪಟ್ಟಿಯೊಳಗೆ, ಕೆಲವೇ ದಿನಗಳಲ್ಲಿ, ಚಿಕಿತ್ಸಕರು ಹೇಳಿದ ಮಿತಿಯಲ್ಲಿ ಚಲನೆ ಆರಂಭವಾಗುತ್ತದೆ; ಮಿತಿ ಮೀರಿದರೆ ಹೊಲಿಗೆ ಹರಿದೀತು.