ನಾಯಿಯ ತಿಂಗಳ ಮಾತ್ರೆ: ಮುಂದಿನ ತಿಂಗಳಿಗಲ್ಲ, ಹಿಂದಿನ ತಿಂಗಳಿಗೆ

ಈ ಸಲದ ಕಂತು ಶುರುವಾಗೋದು ಒಂದು ಮರೆತುಹೋದ ಮಾತ್ರೆಯಿಂದ.

ಕಳೆದ ಬೇಸಿಗೆ ರಜೆಗೆ ನಾವು ಹ್ಯೂಸ್ಟನ್‌ನಿಂದ ಮೈಸೂರಿಗೆ ಹೋಗಿದ್ದೆವು. ನಮ್ಮ ನಾಯಿ ಗುಂಡ, ನಾಲ್ಕು ವರ್ಷದ ಬೀಗಲ್. ಅವನನ್ನು ಇಲ್ಲೇ ಸ್ನೇಹಿತೆಯ ಮನೆಯಲ್ಲಿ ಬಿಟ್ಟಿದ್ದೆವು. ಜೂನ್ 1ಕ್ಕೆ ಅವನ ತಿಂಗಳ ಮಾತ್ರೆ ಕೊಟ್ಟು ಹೊರಟೆವು. ಜುಲೈ 1ರ ಮಾತ್ರೆಯನ್ನು ಅವನ ಊಟದ ಡಬ್ಬದ ಜೊತೆ ಚೀಟಿ ಬರೆದು ಇಟ್ಟಿದ್ದೆವು. ಜುಲೈ 24ಕ್ಕೆ ವಾಪಸ್ ಬಂದು ನೋಡಿದರೆ ಮಾತ್ರೆ ಹಾಗೇ ಇದೆ!

“ಅಯ್ಯೋ ಅಕ್ಕಾ, ಈ ಸಲ ನಮ್ಮನೆ ಹತ್ರ ಸೊಳ್ಳೆ ಅಷ್ಟೊಂದು ಇರ್ಲೇ ಇಲ್ಲ. ಗುಂಡನೂ ಆರಾಮಾಗಿದ್ದ. ನೀವು ಬಂದ್ಮೇಲೆ ಕೊಟ್ರೆ ಅಲ್ಲಿಂದ ಮುಂದಕ್ಕೆ ಆಗುತ್ತಲ್ಲಾ ಅಂದ್ಕೊಂಡೆ” ಅಂದಳು ಪಾಪ.

ಅವಳನ್ನು ಬಯ್ಯೋ ಹಾಗಿರಲಿಲ್ಲ. ಯಾಕೆ ಅಂದ್ರೆ ನಾಲ್ಕು ವರ್ಷದಿಂದ ನಾನೂ ಹಾಗೇ ಅಂದುಕೊಂಡಿದ್ದೆ. ಮಾತ್ರೆ ಅಂದರೆ ಮುಂದಿನ ಮೂವತ್ತು ದಿನಕ್ಕೆ ಹಿಡಿಯುವ ಛತ್ರಿ ಅಂತ. ಆಮೇಲೆ ಪಶುವೈದ್ಯರ ಹತ್ತಿರ ಕೂತು ಕೇಳಿದಾಗ ಗೊತ್ತಾಯಿತು, ಇದು ಛತ್ರಿಯಲ್ಲ, ಕಸಬರಿಗೆ. ಹಿಂದಿನ ತಿಂಗಳು ಒಳಗೆ ಬಂದದ್ದನ್ನು ಗುಡಿಸಿ ಹಾಕುವುದು ಅದರ ಕೆಲಸ. ಈ ಒಂದು ವ್ಯತ್ಯಾಸ ಅರ್ಥವಾದರೆ, ಡಬ್ಬಿಯ ಮೇಲೆ ಬರೆದಿರುವ ಎಲ್ಲ ಸೂಚನೆಗಳೂ ತಾವಾಗೇ ಅರ್ಥವಾಗುತ್ತವೆ.

ಮೊದಲು ಹುಳುವಿನ ಕಥೆ ನೋಡೋಣ. ಇದರ ಹೆಸರು ಡೈರೋಫಿಲೇರಿಯಾ ಇಮ್ಮಿಟಿಸ್, ಎಲ್ಲರೂ ಕರೆಯೋದು ಹಾರ್ಟ್‌ವರ್ಮ್ ಅಂತ. ನಮ್ಮ ಕಡೆ ಆನೆಕಾಲು ರೋಗ ತರುವ ಹುಳುವಿಗೆ ಇದು ಹತ್ತಿರದ ಸಂಬಂಧಿ. ಅದರಂತೆ ಇದಕ್ಕೂ ಸೊಳ್ಳೆಯೇ ವಾಹನ. ಸೋಂಕಿರುವ ನಾಯಿಯ ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಹುಳುಗಳು ತೇಲಾಡುತ್ತಿರುತ್ತವೆ. ಸೊಳ್ಳೆ ಆ ರಕ್ತ ಹೀರಿದಾಗ ಅವು ಸೊಳ್ಳೆಯೊಳಗೆ ಹೋಗಿ, ಬೆಚ್ಚಗಿನ ಹವೆಯಲ್ಲಿ ಎರಡು ವಾರದಷ್ಟರಲ್ಲಿ ಎರಡು ಸಲ ಪೊರೆ ಕಳಚಿ ಮೂರನೇ ಹಂತಕ್ಕೆ ಬರುತ್ತವೆ. ಅದೇ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ, ಕಚ್ಚಿದ ಗಾಯದ ಮೂಲಕ ಒಳಕ್ಕೆ.

ಒಳಗೆ ಬಂದ ಮರಿ ನೇರವಾಗಿ ಹೃದಯಕ್ಕೆ ಹೋಗಲ್ಲ. ಚರ್ಮದ ಕೆಳಗೆ, ಮಾಂಸಖಂಡಗಳ ನಡುವೆ ಓಡಾಡಿಕೊಂಡಿರುತ್ತದೆ. ಕೆಲವು ದಿನಗಳಲ್ಲೇ ಪೊರೆ ಕಳಚಿ ನಾಲ್ಕನೇ ಹಂತಕ್ಕೆ ಬರುತ್ತದೆ. ಸುಮಾರು 50ರಿಂದ 70 ದಿನದ ನಡುವೆ ಕೊನೆಯ ಪೊರೆ ಕಳಚಿ ಎಳೆಯ ಹುಳುವಾಗುತ್ತದೆ. ಆಮೇಲೆ ರಕ್ತನಾಳ ಹೊಕ್ಕು, ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಗಳಲ್ಲಿ ಮನೆ ಮಾಡುತ್ತದೆ. ಬೆಳೆದ ಹೆಣ್ಣು ಹುಳು 25ರಿಂದ 30 ಸೆಂಟಿಮೀಟರ್ ಉದ್ದ. ಅಂದರೆ ಶಾಲೆಯ ಸ್ಕೇಲಿನಷ್ಟು ಉದ್ದದ ಶ್ಯಾವಿಗೆ ಎಳೆ ಅಂದುಕೊಳ್ಳಿ. ನಾಯಿಯೊಳಗೆ ಅದು ಐದರಿಂದ ಏಳು ವರ್ಷ ಬದುಕುತ್ತದೆ. ಮೊದಮೊದಲು ಏನೂ ಗೊತ್ತಾಗಲ್ಲ. ಆಮೇಲೆ ಕೆಮ್ಮು, ಸುಸ್ತು, ಕೊನೆಗೆ ಹೃದಯವೇ ಸೋಲುತ್ತದೆ.

ಈಗ ಮಾತ್ರೆಗೆ ಬರೋಣ. ಐವರ್ಮೆಕ್ಟಿನ್, ಮಿಲ್‌ಬೆಮೈಸಿನ್, ಮಾಕ್ಸಿಡೆಕ್ಟಿನ್, ಸೆಲಾಮೆಕ್ಟಿನ್, ಇವೆಲ್ಲ ಒಂದೇ ಕುಟುಂಬದ ಔಷಧಿಗಳು. ಈ ಕುಟುಂಬದ ಮೂಲ ಇರೋದು ಜಪಾನಿನ ಇಟೊ ನಗರದ ಕವಾನಾ ಎಂಬಲ್ಲಿ ಸಿಕ್ಕ ಒಂದು ಹಿಡಿ ಮಣ್ಣಿನಲ್ಲಿ. ಸತೋಶಿ ಒಮುರಾ 1970ರ ದಶಕದಲ್ಲಿ ಆ ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದರು. ಅದು ಹುಳು ಕೊಲ್ಲುವ ವಸ್ತು ತಯಾರಿಸುತ್ತದೆ ಅಂತ ಅಮೆರಿಕದ ಮರ್ಕ್ ಕಂಪನಿಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅವರ ತಂಡ ಕಂಡುಹಿಡಿಯಿತು. ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು.

ಹುಳುಗಳ ನರ ಮತ್ತು ಸ್ನಾಯುಗಳಲ್ಲಿ ಗ್ಲುಟಮೇಟ್ ತಾಗಿದರೆ ತೆರೆಯುವ ಕ್ಲೋರೈಡ್ ಬಾಗಿಲುಗಳಿವೆ. ಈ ಔಷಧಿ ಆ ಬಾಗಿಲುಗಳನ್ನು ತೆರೆದೇ ಇರುವಂತೆ ಮಾಡುತ್ತದೆ. ಹುಳುವಿಗೆ ಲಕ್ವ ಹೊಡೆದಂತಾಗುತ್ತದೆ. ನಾಯಿಗೂ ನಮಗೂ ಅಂಥ ಬಾಗಿಲುಗಳಿಲ್ಲ. ಹಾಗಾಗಿ ಹುಳುವಿಗೆ ವಿಷವಾದದ್ದು ನಾಯಿಗೆ ಅಷ್ಟಾಗಿ ತಟ್ಟಲ್ಲ.

ಅದೂ ಎಷ್ಟು ಸಣ್ಣ ಪ್ರಮಾಣ ನೋಡಿ! ಹಾರ್ಟ್‌ವರ್ಮ್ ತಡೆಗೆ ಬೇಕಾದ ಐವರ್ಮೆಕ್ಟಿನ್ ಒಂದು ಕಿಲೋ ತೂಕಕ್ಕೆ ಕೇವಲ 6 ಮೈಕ್ರೋಗ್ರಾಂ. ಹತ್ತು ಕಿಲೋ ನಾಯಿಗೆ 60. ಒಂದೇ ಒಂದು ಗ್ರಾಂ ಔಷಧಿಯಲ್ಲಿ 16,000ಕ್ಕೂ ಹೆಚ್ಚು ನಾಯಿಗಳಿಗೆ ಒಂದೊಂದು ಡೋಸ್ ಆಗುತ್ತದೆ. ಇದು ದೇಹದಲ್ಲಿ ಉಳಿಯೋದು ಕೆಲವೇ ದಿನ. ಇಲ್ಲೇ ಇರೋದು ಗುಟ್ಟು. ಕೆಲವೇ ದಿನ ಇರುವ ಔಷಧಿ ಮುಂದಿನ ಮೂವತ್ತು ದಿನ ಕಾವಲು ಕಾಯೋದು ಹೇಗೆ? ಕಾಯಲ್ಲ. ಹಿಂದಿನ ತಿಂಗಳು ಒಳಗೆ ಬಂದು ಇನ್ನೂ ಮೂರನೇ, ನಾಲ್ಕನೇ ಹಂತದಲ್ಲಿರುವ ಮರಿಗಳನ್ನು ಒಂದೇ ಏಟಿಗೆ ಮುಗಿಸುತ್ತದೆ, ಅಷ್ಟೆ. ನಾಳೆ ಕಚ್ಚುವ ಸೊಳ್ಳೆಯ ಲೆಕ್ಕ ಮುಂದಿನ ಮಾತ್ರೆಗೆ. ಮರಿಗಳು ವಯಸ್ಸಾಗುತ್ತಾ ಹೋದ ಹಾಗೆ ಮಾತ್ರೆ ಅವಕ್ಕೆ ನಾಟುವುದು ಕಡಿಮೆಯಾಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ತಪ್ಪದೆ ಅನ್ನೋದು.

ಸೊಳ್ಳೆ ಋತು ಮುಗಿದ ಮೇಲೂ ಕಡೇ ಪಕ್ಷ ಒಂದು ಮಾತ್ರೆ ಯಾಕೆ ಕೊಡಬೇಕು ಅನ್ನೋದಕ್ಕೂ ಇದೇ ಉತ್ತರ. ಟೆಕ್ಸಾಸ್‌ನಂಥ ಕಡೆ ಋತು ಮುಗಿಯೋದೇ ಇಲ್ಲ, ವರ್ಷಪೂರ್ತಿ ಕೊಡಲೇಬೇಕು.

ಈಗ ಗುಂಡನ ಲೆಕ್ಕ ಹಾಕಿ. ಜೂನ್ 1ರಿಂದ ಜುಲೈ 24ಕ್ಕೆ 53 ದಿನ. ಜೂನ್ ಮೊದಲ ವಾರ ಕಚ್ಚಿದ ಸೊಳ್ಳೆಯಲ್ಲಿ ಮರಿಗಳಿದ್ದರೆ, ಅವು ಕೊನೆಯ ಪೊರೆ ಕಳಚುವ ಹೊಸ್ತಿಲಲ್ಲಿ. ವೈದ್ಯರು ಹೇಳಿದ್ದು ಮೂರು ಮಾತು: ಇವತ್ತೇ ಮಾತ್ರೆ ಶುರು ಮಾಡಿ. ಇವತ್ತೇ ರಕ್ತ ಪರೀಕ್ಷೆ ಮಾಡೋಣ. ಆರು ತಿಂಗಳಾದ ಮೇಲೆ ಇನ್ನೊಮ್ಮೆ.

ಆರು ತಿಂಗಳು ಯಾಕೆ? ಸಾಮಾನ್ಯವಾಗಿ ಮಾಡುವ ಪರೀಕ್ಷೆ ಹುಡುಕೋದು ಬೆಳೆದ ಹೆಣ್ಣು ಹುಳು ಬಿಡುವ ಪ್ರೋಟೀನನ್ನು. ಮರಿಗಳು ಅದಕ್ಕೆ ಸಿಗಲ್ಲ. ಅಂದರೆ ಜುಲೈನಲ್ಲಿ ನೆಗೆಟಿವ್ ಬಂದದ್ದು ಜೂನ್‌ನ ಸೊಳ್ಳೆಯ ಬಗ್ಗೆ ಏನೂ ಹೇಳಲ್ಲ.

ಪಾಸಿಟಿವ್ ಆದರೆ ಚಿಕಿತ್ಸೆ ಇದೆ, ಆದರೆ ಸುಲಭದ್ದಲ್ಲ. ಮೆಲಾರ್ಸೊಮೈನ್ ಎಂಬ ಆರ್ಸೆನಿಕ್ ಸಂಯುಕ್ತವನ್ನು ಸೊಂಟದ ಸ್ನಾಯುವಿಗೆ ಚುಚ್ಚುತ್ತಾರೆ. ಮೊದಲು ಒಂದು, ತಿಂಗಳು ಬಿಟ್ಟು ಎರಡು ದಿನ ಒಂದೊಂದು. ಸತ್ತ ಹುಳುಗಳ ತುಂಡುಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಿ ತಿಂಗಳುಗಟ್ಟಲೆ ನಾಯಿಯನ್ನು ಓಡಲು, ಕುಣಿಯಲು ಬಿಡೋ ಹಾಗಿಲ್ಲ. ಬೀಗಲ್ ಸಾಕಿದವರಿಗೆ ಇದು ಎಂಥ ಶಿಕ್ಷೆ ಅಂತ ಗೊತ್ತು.

ಇನ್ನು ಹೊಟ್ಟೆಯ ಜಂತುಹುಳುಗಳ ವಿಷಯ. ಹಾರ್ಟ್‌ವರ್ಮ್‌ಗೆ ಕೊಡುವ ಆ ಚಿಟಿಕೆ ಐವರ್ಮೆಕ್ಟಿನ್ ಕರುಳಿನ ಹುಳುಗಳಿಗೆ ಸಾಲದು. ಅದಕ್ಕೇ ಹಲವು ಮಾತ್ರೆಗಳಲ್ಲಿ ದುಂಡು ಹುಳು, ಕೊಕ್ಕೆ ಹುಳುಗಳಿಗಾಗಿ ಪೈರಾಂಟೆಲ್ ಸೇರಿಸಿರುತ್ತಾರೆ. ಚಿಗಟದಿಂದ ಬರುವ ಲಾಡಿ ಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ಡಬ್ಬಿಯ ಮೇಲೆ ಯಾವ್ಯಾವ ಹುಳುವಿನ ಹೆಸರಿದೆ ಅಂತ ಒಮ್ಮೆ ಓದಿ. ಮಕ್ಕಳಿರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ನಾಯಿಯ ದುಂಡು ಹುಳುವಿನ ಮೊಟ್ಟೆ ಮಗುವಿನ ಬಾಯಿಗೆ ಹೋದರೆ, ಮರಿಗಳು ಪಿತ್ತಜನಕಾಂಗದಲ್ಲಿ, ಅಪರೂಪಕ್ಕೆ ಕಣ್ಣಿನಲ್ಲಿ ಅಲೆಯಬಹುದು. ಒಂದು ಸಮಾಧಾನ ಅಂದರೆ, ಆ ಮೊಟ್ಟೆ ಹೊರಗೆ ಬಿದ್ದ ತಕ್ಷಣ ಸೋಂಕು ತರಲ್ಲ. ಮಣ್ಣಿನಲ್ಲಿ ಕೆಲವು ವಾರ ಮಾಗಬೇಕು. ನಾಯಿಯ ಮಲವನ್ನು ಆಗಿಂದಾಗಲೇ ಚೀಲಕ್ಕೆ ತುಂಬಿದರೆ ಆ ಸರಪಳಿ ಅಲ್ಲೇ ಕಡಿಯುತ್ತದೆ.

ಎರಡು ಎಚ್ಚರಿಕೆ. ಕುದುರೆ, ದನಗಳಿಗೆ ಮಾರುವ ಐವರ್ಮೆಕ್ಟಿನ್ ಅಗ್ಗ ಅಂತ ತಂದು ನಾಯಿಗೆ ಅಂದಾಜಿನಲ್ಲಿ ಕೊಡಬೇಡಿ. ಕೋಲಿಯಂಥ ಕೆಲವು ತಳಿಗಳಲ್ಲಿ ಎಂಡಿಆರ್1 ಜೀನ್ ಕೆಟ್ಟಿರುವುದು ಸಾಮಾನ್ಯ. ಅವುಗಳಲ್ಲಿ ದೊಡ್ಡ ಪ್ರಮಾಣದ ಔಷಧಿ ಮಿದುಳಿಗೇ ನುಗ್ಗುತ್ತದೆ. ತಿಂಗಳ ಮಾತ್ರೆಯ ಸಣ್ಣ ಪ್ರಮಾಣ ಅವಕ್ಕೂ ಸುರಕ್ಷಿತ. ಎರಡನೆಯದು, ತುಂಬಾ ದಿನ ಬಿಟ್ಟುಹೋಗಿದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ರಕ್ತದಲ್ಲಿ ಆಗಲೇ ಲಕ್ಷಗಟ್ಟಲೆ ಮರಿಗಳಿದ್ದು ಅವೆಲ್ಲ ಒಟ್ಟಿಗೆ ಸತ್ತರೆ ನಾಯಿ ಆಘಾತಕ್ಕೆ ಒಳಗಾಗಬಹುದು.

ಬೇರೆ ದೇಶಗಳಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲೂ ದಕ್ಷಿಣ ಯುರೋಪಿನಲ್ಲೂ ಹಾರ್ಟ್‌ವರ್ಮ್ ಇದೆ. ಬ್ರಿಟನ್ನಿನಲ್ಲಿ ಚಿಂತೆ ಇರೋದು ಗೊಂಡೆಹುಳು, ಬಸವನಹುಳುಗಳಿಂದ ಬರುವ ಶ್ವಾಸಕೋಶದ ಹುಳುವಿನದು. ಹಾಗಾಗಿ ನಿಮ್ಮ ಊರಿನ ಪಶುವೈದ್ಯರ ಮಾತೇ ಕೊನೆಯ ಮಾತು.

ಮೈಸೂರಿನಲ್ಲಿ ನಮ್ಮಪ್ಪ ನಕ್ಕಿದ್ದರು, “ನಾಯಿ ಹೃದಯಕ್ಕೆ ಹುಳ ಬೀಳುತ್ತಾ?” ಅಂತ. ಅವರ ಪ್ರಶ್ನೆ ತಪ್ಪಲ್ಲ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗೋದು ಇದರ ದಾಯಾದಿ ಡೈರೋಫಿಲೇರಿಯಾ ರೆಪೆನ್ಸ್, ಅದು ಇರೋದು ಚರ್ಮದ ಕೆಳಗೆ. ಆದರೆ ಯಾದಗಿರಿ ಜಿಲ್ಲೆಯಲ್ಲಿ ಆನೆಕಾಲು ರೋಗ ಓಡಿಸಲು ಜನರಿಗೆ ಕೊಟ್ಟ ಮೂರು ಔಷಧಿಗಳಲ್ಲಿ ಒಂದು ಇದೇ ಐವರ್ಮೆಕ್ಟಿನ್. ಇನ್ನೊಂದು ಡಿಇಸಿ. ಐವರ್ಮೆಕ್ಟಿನ್ 1987ರಲ್ಲಿ ನಾಯಿಗಳಿಗೆ ಬರುವ ಮುಂಚೆ, ಅಮೆರಿಕದ ನಾಯಿಗಳಿಗೆ ಪ್ರತಿದಿನ ಕೊಡುತ್ತಿದ್ದದ್ದು ಅದೇ ಡಿಇಸಿ ಮಾತ್ರೆ. ದಿನವೂ ನೆನಪಿಡಬೇಕಿತ್ತು. ನಮಗೆ ತಿಂಗಳಿಗೊಂದು ದಿನ ನೆನಪಿಡೋದೇ ಕಷ್ಟ!

ಜನವರಿ ಕೊನೆಗೆ ಗುಂಡನ ಎರಡನೇ ಪರೀಕ್ಷೆ ಆಯಿತು. ನೆಗೆಟಿವ್. ಸ್ನೇಹಿತೆಗೆ ಫೋನ್ ಮಾಡಿದೆ. ಅವಳು ಅತ್ತೇಬಿಟ್ಟಳು, ಆರು ತಿಂಗಳೂ ಅವಳಿಗೆ ಅದೇ ಕೊರಗಂತೆ. ಈ ಸಲ ಊರಿಗೆ ಹೊರಡುವ ಮುಂಚೆ ಗುಂಡನಿಗೆ ಆರು ತಿಂಗಳು ಕೆಲಸ ಮಾಡುವ ಮಾಕ್ಸಿಡೆಕ್ಟಿನ್ ಚುಚ್ಚುಮದ್ದು ಕೊಡಿಸೋದು ಅಂತ ತೀರ್ಮಾನಿಸಿದ್ದೇವೆ. ಅದು ದೇಹದಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತಾ ಇರುತ್ತದೆ, ಯಾರೂ ಚೀಟಿ ನೋಡಬೇಕಾಗಿಲ್ಲ.

ನೀವು ಈ ಬೇಸಿಗೆಗೆ ಊರಿಗೆ ಹೊರಟಿದ್ದರೆ, ನಾಯಿ ಯಾರ ಮನೆಯಲ್ಲಿರುತ್ತೋ ಅವರಿಗೆ ಮಾತ್ರೆಯ ಜೊತೆ ಈ ಕಂತನ್ನೂ ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.