ಅಲಿಯ ಆಟ, ಟೈಸನ್ ಪಾಠ

ನಾನು ಕುಳ್ಳ. ಬಾಕ್ಸಿಂಗ್‌ನಲ್ಲಿ ಮುಹಮ್ಮದ್ ಅಲಿಯ ಶೈಲಿ ನನಗೆ ಒಗ್ಗುವುದಿಲ್ಲ ಎನ್ನುತ್ತಾರೆ ಕೋಚ್. ಏಕೆ?

ಅಲಿ 6 ಅಡಿ 3 ಇಂಚಿನ ಆಳು. ಕೈ ಕೆಳಗಿಟ್ಟು, ಏಟು ಬಂದಾಗ ತಲೆಯನ್ನಷ್ಟೇ ಹಿಂದಕ್ಕೆಳೆದು, ದೂರದಿಂದಲೇ ಜ್ಯಾಬ್ ಹೊಡೆಯುತ್ತಿದ್ದರು. ನೋಡಲು ಸೊಗಸು, ಗಿಡ್ಡ ತೋಳಿನವರಿಗೆ ದುಬಾರಿ. ದೋಟಿ ಚಿಕ್ಕದಾದರೆ ಮರದ ಹತ್ತಿರ ಹೋಗಲೇಬೇಕಲ್ಲ! 5 ಅಡಿ 10 ಇಂಚಿನ ಮೈಕ್ ಟೈಸನ್‌ಗೆ ಗುರು ಕಸ್ ಡಿ'ಅಮಾಟೊ ಕಲಿಸಿದ್ದು ಅದನ್ನೇ. ಗ್ಲೌಸ್ ಕೆನ್ನೆಗೆ ಅಂಟಿರಬೇಕು, ತಲೆ ಅತ್ತಿತ್ತ ಆಡುತ್ತಲೇ ಇರಬೇಕು. ಎದುರಾಳಿಯ ಜ್ಯಾಬ್ ತಪ್ಪಿಸಲು ಪಕ್ಕಕ್ಕೆ ಬಾಗಿದಾಗ ಮೈಭಾರ ಆ ಬದಿಯ ಕಾಲಿಗೆ ಬೀಳುತ್ತದೆ. ಮಡಿಸಿದ ಮಂಡಿ ನೆಟ್ಟಗಾಗಿ ಸೊಂಟ ತಿರುಗಿದೊಡನೆ ಆ ಭಾರವೆಲ್ಲ ಹುಕ್ ಆಗಿ ಹೊರಬರುತ್ತದೆ. 1986ರಲ್ಲಿ, 20ನೇ ವಯಸ್ಸಿಗೇ ಟೈಸನ್ ಹೆವಿವೇಟ್ ಚಾಂಪಿಯನ್ ಆದರು. ನೀವು ಮೊದಲು ಭುಜದೆತ್ತರಕ್ಕೆ ಹಗ್ಗ ಕಟ್ಟಿ, ಅದರಡಿ ತೂರಿ ತೂರಿ ಮುಂದೆ ಸಾಗುವುದನ್ನು ರೂಢಿಸಿಕೊಳ್ಳಿ. ತೋಳಿಗಿಂತ ಮೊದಲು ತೊಡೆ ನೋಯುತ್ತದೆ.