ಕೇಳುವವರ ವಯಸ್ಸು, ಹೇಳುವವರ ಹೊಣೆ

ಎಳೆಯರು ಸಾಮಾಜಿಕ ಮಾಧ್ಯಮಗಳನ್ನು ಬಳಸುವುದಕ್ಕೆ ವಯೋಮಿತಿ ಇರಬೇಕೆ ಎಂಬ ಪ್ರಶ್ನೆಯನ್ನು 2023ರ ಸೆಪ್ಟೆಂಬರ್ 19ರಂದು ಕರ್ನಾಟಕ ಉಚ್ಚ ನ್ಯಾಯಾಲಯವೇ ಎತ್ತಿತು. ಹಿಂದೆ ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್ ಕಂಪನಿಯ ಮೇಲ್ಮನವಿಯನ್ನು ಆಲಿಸುತ್ತಿದ್ದ ನ್ಯಾಯಮೂರ್ತಿ ಜಿ. ನರೇಂದರ್ ಹಾಗೂ ನ್ಯಾಯಮೂರ್ತಿ ವಿಜಯಕುಮಾರ ಎ. ಪಾಟೀಲ ಅವರ ಪೀಠವು, ಶಾಲಾ ಮಕ್ಕಳು ಇದಕ್ಕೆ ದಾಸರಾಗುತ್ತಿದ್ದಾರೆಂದು ಕಳವಳಪಟ್ಟು, ಮದ್ಯಕ್ಕಿರುವಂತೆ ಇದಕ್ಕೂ ವಯಸ್ಸಿನ ಮಿತಿ ಇದ್ದರೆ ಒಳಿತೆಂದಿತು. 21 ವರ್ಷ, ಇಲ್ಲವೆ ಮತದಾನದ ವಯಸ್ಸಾದ 18 ವರ್ಷ ಎಂಬ ಮಾತು ಅಲ್ಲಿ ಬಂದಿತು. ಅದು ತೀರ್ಪಲ್ಲ, ವಿಚಾರಣೆಯ ವೇಳೆ ಆಡಿದ ಮಾತು. ಆದರೂ ಮಕ್ಕಳಿರುವ ಪ್ರತಿಯೊಂದು ಮನೆಯೂ ವಿಚಾರ ಮಾಡಬೇಕಾದ ಮಾತು.

ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ತಂದೆತಾಯಿಗಳಿಂದ ನಾವು ಮೇಲಿಂದ ಮೇಲೆ ಕೇಳುವ ದೂರೊಂದಿದೆ: 'ಗುರುಗಳ, ನಮ್ಮ ಹುಡುಗ ಫೋನ್ ಕೈಯಾಗಿಂದ ಬಿಡವಲ್ಲರಿ.' 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿಗೆ ಬಂದಾಗ, ಕಬ್ಬಿನ ಬಿಲ್ಲಿನ ಹಣದಲ್ಲಿ ಎಷ್ಟೋ ಮನೆಗಳವರು ಫೋನು ಕೊಂಡರು. ಶಾಲೆ ತೆರೆಯಿತು, ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಆಟ, ಚಿತ್ರ, ನಗೆಚಾಟಿಕೆಗಳಲ್ಲಿ ಕಾಲ ಕಳೆಯುವ ಚಟದ ಕುರಿತು ಬೇಕಾದಷ್ಟು ಬರೆದಾಗಿದೆ. ಅಂಥ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಚಿಕಿತ್ಸಾಲಯವನ್ನು ತೆರೆದಿದೆ. ಅದು ಬೇರೊಂದು ಲೇಖನದ ವಿಷಯ. ನಾವಿಲ್ಲಿ ಎತ್ತಿಕೊಂಡಿರುವುದು ಹಿರಿಯರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯನ್ನು. ಮಕ್ಕಳು ತಮ್ಮ ಮನಸ್ಸಿನ ದುಗುಡವನ್ನು ಇದೇ ಫೋನಿನಲ್ಲಿ ಯಾರಿಗೋ ಹೇಳಿಕೊಂಡು ಬುದ್ಧಿಮಾತು ಕೇಳುತ್ತಾರೆ.

ಮನೆಯಲ್ಲಿ ಕೇಳಬಾರದೆ ಎನ್ನುತ್ತೀರಿ. ತೋಟದ ಮನೆಯ ದೊಡ್ಡ ಕುಟುಂಬದಲ್ಲಿ ಹಿಂದೆ ಅಂಥ ಮಾತಿಗೆ ಒಂದಲ್ಲ ಒಂದು ಕಿವಿ ಸಿಗುತ್ತಿತ್ತು. ಅವ್ವನಿಗೆ ಹೇಳಲಾಗದ್ದನ್ನು ಅಜ್ಜಿಗೆ, ಅಜ್ಜಿಗೂ ಹೇಳಲಾಗದ್ದನ್ನು ವೈನಿಗೋ ಚಿಗವ್ವನಿಗೋ ಹೇಳಿಕೊಳ್ಳುತ್ತಿದ್ದರು. ಈಗ ಅಣ್ಣತಮ್ಮಂದಿರು ಬೇರೆಯಾಗಿ ಮನೆಗಳು ಚಿಕ್ಕವಾಗಿವೆ, ಗೋಡೆಗಳು ಹೆಚ್ಚಿವೆ. ಹದಿನಾಲ್ಕರ ಬಾಲಕಿಗೆ ತನ್ನ ದೇಹದಲ್ಲಾದ ಬದಲಾವಣೆ ರೋಗವೋ ಸಹಜವೋ ತಿಳಿಯದು. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಅನುತ್ತೀರ್ಣನಾದ ಹುಡುಗನಿಗೆ ಅಪ್ಪನ ಮುಖ ನೋಡುವ ಧೈರ್ಯವಿಲ್ಲ. ಇನ್ನೊಬ್ಬಳಿಗೆ ನೆಂಟರೊಬ್ಬರ ನಡತೆಯೇ ಭಯ. ಇವು ಕೇಳಬಾರದ ಪ್ರಶ್ನೆಗಳಲ್ಲ, ಕೇಳಲೇಬೇಕಾದ ಪ್ರಶ್ನೆಗಳು.

ಉತ್ತರ ಕೊಡುವವರಾರು? ಅಲ್ಲಿರುವುದು ತೊಡಕು. ಹೆಸರಿಲ್ಲ, ಊರಿಲ್ಲ, ಮುಖವೂ ಇಲ್ಲ. ಒಬ್ಬನು ನಿಜವಾದ ಮರುಕದಿಂದ ಬರೆದಿರಬಹುದು. ಇನ್ನೊಬ್ಬನು ಮೋಜಿಗಾಗಿ ಬೇಡದ್ದನ್ನು ಹೇಳಿರಬಹುದು. ಮೂರನೆಯವನು ಆ ಮಗುವಿನ ಒಂಟಿತನವನ್ನೇ ಹೊಂಚಿ ಕುಳಿತಿರಬಹುದು. ಮಗುವಿಗೆ ಮೂವರೂ ಒಂದೇ ಬಗೆಯ ಅಕ್ಷರಗಳಾಗಿ ಕಾಣುತ್ತಾರೆ. ಈಚೆಗೆ ಮನುಷ್ಯನೇ ಅಲ್ಲದ ಯಂತ್ರವೂ ಸಮಾಧಾನ ಹೇಳತೊಡಗಿದೆ. ಅಂಥ ಸಂಭಾಷಣಾ ಯಂತ್ರಗಳನ್ನು ನಡೆಸುವ ಕ್ಯಾರೆಕ್ಟರ್ ಎಐ ಎಂಬ ಅಮೆರಿಕದ ಕಂಪನಿಯು, ಹದಿನೆಂಟರೊಳಗಿನವರು ಅವುಗಳೊಡನೆ ಮುಕ್ತವಾಗಿ ಹರಟುವುದನ್ನು 2025ರ ನವೆಂಬರಿನಲ್ಲಿ ತಾನೇ ನಿಲ್ಲಿಸಿತು. ಮಾರುವವನೇ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದನೆಂದರೆ ಒಳಗಿನ ಸರಕಿನ ಬಗೆ ಊಹಿಸಬಹುದು.

ಹಾಗಾದರೆ ಯಾವ ವಯಸ್ಸು? ಈಗ ಬಹುತೇಕ ಕಂಪನಿಗಳು ಹೇಳುವ 13 ಎಂಬ ಸಂಖ್ಯೆ ಮಗುವಿನ ಮನಸ್ಸಿನ ಪಕ್ವತೆಯನ್ನು ಅಳೆದು ಇಟ್ಟದ್ದಲ್ಲ. ಹದಿಮೂರರೊಳಗಿನ ಮಕ್ಕಳ ಮಾಹಿತಿಯನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು ಅಮೆರಿಕ 1998ರಲ್ಲಿ ಶಾಸನ ಮಾಡಿತು. ಆ ತೊಡಕು ಬೇಡವೆಂದು ಕಂಪನಿಗಳು ಆ ಸಂಖ್ಯೆಯನ್ನೇ ಬಾಗಿಲಿಗೆ ಹಚ್ಚಿದವು. ಹುಟ್ಟಿದ ವರ್ಷ ತಪ್ಪಾಗಿ ಬರೆದರೆ ಆ ಬಾಗಿಲು ತೆರೆಯುತ್ತಿತ್ತೆಂಬುದನ್ನು ನಮ್ಮೂರಿನ ಆರನೆಯ ಇಯತ್ತೆಯ ಹುಡುಗನೂ ಬಲ್ಲ. ಆಸ್ಟ್ರೇಲಿಯ 16 ಎಂದಿತು. 2024ರ ನವೆಂಬರಿನಲ್ಲಿ ಅಂಗೀಕಾರವಾದ ಅಲ್ಲಿನ ಶಾಸನವು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ತಪ್ಪಿದರೆ ದಂಡ ಕಂಪನಿಗೆ, 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರುಗಳವರೆಗೆ. ಮಗುವಿಗಾಗಲಿ ಹೆತ್ತವರಿಗಾಗಲಿ ಶಿಕ್ಷೆಯಿಲ್ಲ. ಇದು ನ್ಯಾಯವಾದ ಕ್ರಮ.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ಅವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಪರಿಶೀಲಿಸಲು ಬರುವಂತಿರಬೇಕು ಎನ್ನುತ್ತದೆ. ಮೀರಿದರೆ 200 ಕೋಟಿ ರೂಪಾಯಿಗಳವರೆಗೆ ದಂಡ. 2025ರ ನವೆಂಬರಿನಲ್ಲಿ ಇದರ ನಿಯಮಗಳು ಪ್ರಕಟವಾದವು. ಈ ಭಾಗವು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಕೊಟ್ಟಿದ್ದಾರೆ. ಕಾಯಿದೆಯ ಉದ್ದೇಶ ಒಳ್ಳೆಯದು. ಮಕ್ಕಳ ಚಲನವಲನವನ್ನು ಬೆನ್ನುಹತ್ತಿ ಅವರಿಗೆಂದೇ ಜಾಹೀರಾತು ತೋರಿಸುವುದನ್ನು ಅದು ನಿಷೇಧಿಸಿದೆ. ಸಂತೋಷ.

ಆದರೆ ಹೆತ್ತವರ ಒಪ್ಪಿಗೆ ಎಂಬ ಮಾತನ್ನು ಒಂದು ಮನೆಯೊಳಗೆ ಇಟ್ಟು ನೋಡೋಣ. ಹದಿನಾರರ ಹುಡುಗಿಗೆ ಓದುವ ಆಸೆ. ಮನೆಯವರು ವರ ಗೊತ್ತುಮಾಡಿದ್ದಾರೆ. ಹದಿನೆಂಟಕ್ಕೆ ಮೊದಲು ಹೆಣ್ಣುಮಕ್ಕಳ ಮದುವೆ ಅಪರಾಧವೆಂದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಹೇಳುತ್ತದೆ. ಕರ್ನಾಟಕವು ಅದಕ್ಕೆ ತಿದ್ದುಪಡಿ ತಂದು ಅಂಥ ಮದುವೆಯೇ ಅಸಿಂಧುವೆಂದಿದೆ. ಇದನ್ನು ಆ ಹುಡುಗಿಗೆ ತಿಳಿಸುವವರಾರು? ಕೇಳಲು ಹೊರಟರೆ ಅಪ್ಪನ ಒಪ್ಪಿಗೆ ತಾ ಎಂದು ಕಾನೂನೇ ಹೇಳಿದರೆ, ಯಾರ ವಿರುದ್ಧ ನೆರವು ಬೇಕಾಗಿದೆಯೋ ಅವರ ಸಹಿಯನ್ನೇ ಬೇಡಿದಂತಾಗುವುದಿಲ್ಲವೆ? ಕುಡಿದು ಬಡಿಯುವ ತಂದೆಯ ಮಗನ ಪಾಡೂ, ಮನೆಯೊಳಗಿನವರಿಂದಲೇ ದೌರ್ಜನ್ಯಕ್ಕೆ ಗುರಿಯಾದ ಮಗುವಿನ ಪಾಡೂ ಇದೇ. ಒಳ್ಳೆಯ ಮನೆಯ ಮಗುವಿಗೆ ಹೆತ್ತವರ ಒಪ್ಪಿಗೆ ಬೇಲಿ. ಕೆಟ್ಟ ಮನೆಯ ಮಗುವಿಗೆ ಅದೇ ಬೀಗ. ನಮ್ಮ ಸಮಾಜದಲ್ಲಿ ಅಂಥ ಮನೆಗಳಿಲ್ಲವೆಂದು ಎದೆಮುಟ್ಟಿ ಹೇಳುವವರಿದ್ದರೆ ಅವರೊಡನೆ ನಮ್ಮ ವಾದವಿಲ್ಲ.

ಹಾಗೆಂದು ಮಿತಿಯೇ ಬೇಡವೆನ್ನುವ ಪಕ್ಷಕ್ಕೂ ನಾವು ಸೇರಿದವರಲ್ಲ. ನಮ್ಮ ಅಭಿಪ್ರಾಯ ಇಷ್ಟು: ಉತ್ತರಿಸುವವರು ಯಾರೆಂದು ತಿಳಿಯದ ಸಂತೆಗೆ ಎಳೆಯರನ್ನು ಬಿಡಕೂಡದು; ಅಲ್ಲಿ ಹದಿನಾರರ ಗೆರೆ ಇರಲಿ, ಕಾಯುವ ಹೊಣೆ ಕಂಪನಿಯದಾಗಲಿ. ಇಪ್ಪತ್ತೊಂದು ಎಂಬುದು ಅತಿಯಾಯಿತು. ಹದಿನೆಂಟಕ್ಕೆ ಓಟು ಹಾಕಿ ಸರಕಾರವನ್ನೇ ಆರಿಸುವವನಿಗೆ ಮಾತಾಡುವ ವಿವೇಕವಿಲ್ಲವೆನ್ನುವುದು ಹೇಗೆ? ಆದರೆ ಉತ್ತರಿಸುವವರು ಗೊತ್ತಿದ್ದು, ಕಲಿತವರಿದ್ದು, ತಪ್ಪು ಹೇಳಿದರೆ ಹೊಣೆಗಾರರಾಗುವ ಕಡೆಗೆ ಯಾವ ವಯಸ್ಸಿನ ಮಗುವೂ ಯಾರ ಅಪ್ಪಣೆಯಿಲ್ಲದೆ ಹೋಗುವಂತಿರಬೇಕು. ಆಸ್ಟ್ರೇಲಿಯದವರು ಆರೋಗ್ಯ ಮತ್ತು ಶಿಕ್ಷಣದ ನೆರವಿಗೆಂದೇ ಇರುವ ಸೇವೆಗಳನ್ನು ನಿಷೇಧದಿಂದ ಹೊರಗಿಟ್ಟಿದ್ದಾರೆ. ನಮ್ಮ 2025ರ ನಿಯಮಗಳಲ್ಲಿಯೂ ಆಸ್ಪತ್ರೆಗಳಿಗೆ, ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ, ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ. ಅವು ಕಾಗದದಲ್ಲಿ ಉಳಿಯದೆ ಮಗುವಿನ ತನಕ ಮುಟ್ಟಬೇಕು.

ಇದೇನು ಹೊಸ ಮಾತಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934–1991) ಅವರು ಹದಿಹರೆಯದ ಹುಡುಗಿಯರಿಗೆಂದೇ 'ಕೇಳು ಕಿಶೋರಿ' ಎಂಬ ಪುಸ್ತಕ ಬರೆದರು. ಮನೆಯಲ್ಲಿ ಯಾರೂ ಬಾಯಿಬಿಡದ ವಿಷಯಗಳನ್ನು ನೇರವಾಗಿ ಹೇಳಿದರು. ಹೇಳಿದವರು ಯಾರು, ಅವರ ವಿದ್ಯೆ ಏನು ಎಂಬುದು ಪುಸ್ತಕದ ಮೇಲೆಯೇ ಇತ್ತಾದ್ದರಿಂದ ಓದುವವಳ ವಯಸ್ಸನ್ನು ಕೇಳುವ ಅಗತ್ಯ ಬೀಳಲಿಲ್ಲ. ಇನ್ನು ನಮ್ಮವರ ಮಾತಿಗೆ ಬಂದರೆ, ಕಲ್ಯಾಣದ ಅನುಭವ ಮಂಟಪದಲ್ಲಿ ಚನ್ನಬಸವಣ್ಣನವರು ಎಲ್ಲರಿಗಿಂತ ಕಿರಿಯರಲ್ಲಿ ಒಬ್ಬರಾಗಿದ್ದೂ ಹಿರಿಯರ ಮನ್ನಣೆ ಪಡೆದರೆಂಬುದನ್ನು ಪರಂಪರೆ ಹೇಳುತ್ತ ಬಂದಿದೆ. ಎಳೆಯರ ಪ್ರಶ್ನೆಗೆ 'ನಿನಗೇಕೆ ಬೇಕು, ಸುಮ್ಮನಿರು' ಎನ್ನುವ ಗೃಹಸ್ಥರು ಇದನ್ನು ಜ್ಞಾಪಿಸಿಕೊಂಡಾರು.

ಹೊಣೆಯುಳ್ಳ ಬಾಗಿಲುಗಳು ಈಗಲೇ ಎರಡಿವೆ. 1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬಯಿಯಲ್ಲಿ ಬೀದಿಮಕ್ಕಳಿಗಾಗಿ ಆರಂಭವಾದ ಈ ಸೇವೆ ಇಂದು ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ನಡೆಯುತ್ತಿದೆ. ಬಾಲ್ಯವಿವಾಹ, ಹೊಡೆತಬಡಿತ, ಲೈಂಗಿಕ ದೌರ್ಜನ್ಯ, ಯಾವುದಕ್ಕಾದರೂ ಅಲ್ಲಿಗೆ ಮಗುವೇ ಕರೆ ಮಾಡಬಹುದು, ನೆರೆಮನೆಯವರೂ ಮಾಡಬಹುದು. ಎರಡನೆಯದು 14416, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮನಸ್ಸಿನ ಬೇಗುದಿಯನ್ನು ಅಲ್ಲಿ ತರಬೇತಾದವರು ಕನ್ನಡದಲ್ಲಿಯೇ ಕೇಳಿಸಿಕೊಳ್ಳುತ್ತಾರೆ. ಎರಡಕ್ಕೂ ಹಗಲುರಾತ್ರಿಯೆನ್ನದೆ ಕರೆ ಮಾಡಬಹುದು, ಹಣ ಬೀಳುವುದಿಲ್ಲ. ಸಾದಾ ಕೀಲಿಗಳ ಹಳೆಯ ಫೋನಿನಿಂದಲೂ ಹೋಗುತ್ತದೆ. ಶಾಲೆಯ ಗೋಡೆಯ ಮೇಲೆ ಈ ಅಂಕಿಗಳನ್ನು ಬರೆಯಿಸುವ ವೆಚ್ಚ ಒಂದು ಡಬ್ಬಿ ಬಣ್ಣ. ಮಠಗಳು ನಡೆಸುವ ಪ್ರಸಾದ ನಿಲಯಗಳಲ್ಲಿ, ಮಕ್ಕಳು ತಟ್ಟೆ ತೊಳೆಯುವ ಕಟ್ಟೆಯ ಎದುರಿಗೆ ಬರೆಯಿಸಿದರೆ ದಿನಕ್ಕೆ ಎರಡು ಸಲ ಕಣ್ಣಿಗೆ ಬೀಳುತ್ತದೆ.